ಪತ್ರಾಸ್ ತೆಗೆಸಿದ ಜಿಪ್ಸಿ: ಬೆಳಗಾವಿಯ ಒಂದು ಪ್ರಕರಣ

ಹಳೆಯ ತೆರೆದ ಗಾಡಿ ಕೊಳ್ಳಬೇಕೆಂದು ವಿಚಾರಿಸಲು ಬರುವವರು ಮೊದಲು ಕೇಳುವುದು ಇಂಜಿನ್ ಹೇಗಿದೆ ಎಂದು. ಇಲ್ಲಿ ಹೇಳಹೊರಟಿರುವ ಹಳೇ ಮಾರುತಿ ಜಿಪ್ಸಿಯಲ್ಲಿ ಇಂಜಿನ್ ಅಷ್ಟಾಗಿ ಕಾಡಲೇ ಇಲ್ಲ. ಕಾಡಿದ್ದು ತಗಡು, ನೀರು ಮತ್ತು ಮುಂದಿನ ಆಕ್ಸಲ್. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಆಟೋಮೊಬೈಲ್ ಪಾಠ ಮಾಡುವವನು. ಖರೀದಿಯ ಮಾತುಕತೆಯಿಂದ ಹಿಡಿದು ಆರ್‌ಸಿ (ನೋಂದಣಿ ಪತ್ರ) ನವೀಕರಣದವರೆಗೆ ಕೆಲವು ತೀರ್ಮಾನಗಳ ಹೊತ್ತಿಗೆ ಪಕ್ಕದಲ್ಲೇ ಇದ್ದೆ, ಉಳಿದದ್ದನ್ನು ಮಾಲೀಕರ ಬಾಯಿಂದ ಕೇಳಿದೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಯಾರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ, ಮೊತ್ತಗಳನ್ನು ದುಂಡಾಗಿಸಿದ್ದೇನೆ.

ಹಿನ್ನೆಲೆ

ಮಾಲೀಕರು ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಮಷಿನ್ ಶಾಪ್ ಇಟ್ಟುಕೊಂಡವರು, ವಯಸ್ಸು ನಲವತ್ತರ ಮೇಲೆ. ದಿನದ ಓಡಾಟಕ್ಕೆ ಮನೆಯಲ್ಲಿ ಬೇರೆ ಕಾರಿದೆ. ರವಿವಾರ ಖಾನಾಪುರ, ಜಾಂಬೋಟಿ ಕಡೆ ಟಾಪ್ ಮಡಚಿ ಹೋಗಿಬರಲು ಒಂದು ಗಾಡಿ ಬೇಕು ಎಂಬುದು ಆಸೆ. ದುರಸ್ತಿಯೂ ಸೇರಿ ಎರಡು ಲಕ್ಷ ಎಂದು ಮೊದಲೇ ಗೆರೆ ಎಳೆದುಕೊಂಡಿದ್ದರು. ಮನೆಯಲ್ಲಿ ವಿಷಯ ತೆಗೆದಾಗ ಅವರ ತಾಯಿ ಕೇಳಿದ್ದು ಒಂದೇ ಮಾತು: ‘ಬೆಳಗಾವಿ ಮಳ್ಯಾಗ ಛತ್ರಿ ಹಿಡಕೊಂಡು ಗಾಡಿ ಹೊಡಿತೀ ಏನಪಾ?’ ತಾಂತ್ರಿಕವಾಗಿಯೂ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಈ ಪ್ರಕರಣದಲ್ಲಿ ಯಾರೂ ಕೇಳಲಿಲ್ಲ.

ಆ ದುಡ್ಡಿಗೆ ನಮ್ಮ ಕಡೆ ಸಿಗುವ ತೆರೆದ ಗಾಡಿಗಳು ಬೆರಳೆಣಿಕೆಯಷ್ಟು. ವಿದೇಶಿ ಕನ್ವರ್ಟಿಬಲ್‌ಗಳ ಮಾತೇ ಬೇಡ, ಟಾಪ್ ಮಡಚುವ ಹೈಡ್ರಾಲಿಕ್ ಕೈಕೊಟ್ಟರೆ ಅದೊಂದರ ದುರಸ್ತಿಗೇ ಈ ಬಜೆಟ್ ಸಾಲದು. ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಪುಟ್ಟ ಕಾರಿನ ಮೇಲೆ ಮಾಲೀಕರಿಗೆ ಹಳೆಯ ಮನಸ್ಸು. ಅದು ಫೈಬರ್ ಬಾಡಿಯದ್ದು, ಒಳಗೆ 1149 ಸಿಸಿಯ ರೆನೋ ಇಂಜಿನ್. ಬಾಡಿಗೆ ತುಕ್ಕಿನ ಕಾಟವಿಲ್ಲ, ನಿಜ. ಆದರೆ ತಯಾರಾದದ್ದೇ ಕಡಿಮೆ. ಬಾಗಿಲ ರಬ್ಬರೋ ದೀಪದ ಗಾಜೋ ಹೋದರೆ ಊರೂರು ಅಲೆಯಬೇಕು. ಅದನ್ನು ಬಿಟ್ಟರು. ಉಳಿದದ್ದು ಹಳೇ ಡೀಸೆಲ್ ಜೀಪು ಮತ್ತು ಸಾಫ್ಟ್ ಟಾಪ್, ಅಂದರೆ ಬಟ್ಟೆಯ ಟಾಪಿನ, ಮಾರುತಿ ಜಿಪ್ಸಿ.

ಜಿಪ್ಸಿ ನಮ್ಮ ದೇಶದಲ್ಲಿ ಬಂದದ್ದು 1985ರಲ್ಲಿ, 970 ಸಿಸಿ ಇಂಜಿನ್ನಿನೊಂದಿಗೆ. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂತು. 2000ದಲ್ಲಿ ಕಾರ್ಬುರೇಟರ್ ಹೋಗಿ ಎಂಪಿಎಫ್ಐ (ಪೆಟ್ರೋಲನ್ನು ಇಂಜೆಕ್ಟರಿನಿಂದ ಸಿಂಪಡಿಸುವ ವ್ಯವಸ್ಥೆ) ಬಂದು ಶಕ್ತಿ 80 ಅಶ್ವಶಕ್ತಿಗೆ ಏರಿತು. ಮೂರು ದಶಕ ಮೀರಿ ಅದೇ ಚಾಸಿ (ಬಾಡಿ ಹೊರುವ ಕಬ್ಬಿಣದ ಚೌಕಟ್ಟು), ಅದೇ ಪಾಟಾ (ಪಟ್ಟಿ ಸ್ಪ್ರಿಂಗು), ಹಿಂದೆ ಮುಂದೆ ಎರಡೂ ಕಡೆ ಎಡಬಲ ಚಕ್ರಗಳನ್ನು ಒಂದೇ ದಂಡಕ್ಕೆ ಜೋಡಿಸಿದ ಗಟ್ಟಿ ಆಕ್ಸಲ್. ಸೇನೆ ದೊಡ್ಡ ಸಂಖ್ಯೆಯಲ್ಲಿ ಬಳಸಿದ್ದರಿಂದ ಬಿಡಿಭಾಗಕ್ಕೆ ಇಂದಿಗೂ ತತ್ವಾರವಿಲ್ಲ. ಬಾಡಿ ಬೇರೆ, ಚಾಸಿ ಬೇರೆ ಆದ್ದರಿಂದ ಊರ ವೆಲ್ಡಿಂಗ್, ಲೇತ್ ಕೆಲಸಕ್ಕೆ ಬಗ್ಗುವ ಗಾಡಿ. ಸ್ವಂತ ಲೇತ್ ಇರುವ ಮನುಷ್ಯನಿಗೆ ಇನ್ನೇನು ಬೇಕು?

ಮೂರು ಗಾಡಿ, ಒಂದು ಆಯ್ಕೆ

ಸಿಕ್ಕ ಗಾಡಿಗಳು ಮೂರು. ಒಂದು ದೆಹಲಿಯದು, ಫೋಟೋದಲ್ಲಷ್ಟೇ ನೋಡಿದ್ದು. ದೆಹಲಿ ಸುತ್ತ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಆಗ ನಿರ್ಬಂಧ ಇದ್ದುದರಿಂದ ಅಲ್ಲಿಂದ ಅಗ್ಗಕ್ಕೆ ಹೊರಬೀಳುತ್ತಿದ್ದವು. ಆದರೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು ಎಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುತ್ತದೆ. ಉಳಿಸಿದ ಹಣ ಅಲ್ಲಿಗೇ ಸರಿಹೋಗುತ್ತದೆ ಎಂದು ಕೈಬಿಟ್ಟರು.

ಎರಡನೆಯದು ಕರಾವಳಿಯ ಕಡೆಯದು. ಹೊಳೆಯುವ ಹಸಿರು ಬಣ್ಣ, ಹೊಚ್ಚ ಹೊಸ ಕಪ್ಪು ಟಾಪ್, ಒಂದೇ ಸೆಲ್ಫ್‌ಗೆ ಚಾಲೂ ಆಗುವ ಇಂಜಿನ್. ಮಾಲೀಕರು ಅರ್ಧ ಸೋತೇಬಿಟ್ಟಿದ್ದರು. ಜೊತೆಗೆ ಬಂದಿದ್ದ ಮಿಸ್ತ್ರಿ ಚಾಚಾ ಜೇಬಿನಿಂದ ಹಳೇ ಸ್ಪೀಕರಿನ ಅಯಸ್ಕಾಂತ ತೆಗೆದು ಕರವಸ್ತ್ರದಲ್ಲಿ ಸುತ್ತಿ ಗಾಡಿಯ ಮೈಮೇಲೆ ಸರಿಸುತ್ತ ಹೋದರು. ಬಾನೆಟ್ ಮೇಲೆ ಗಟ್ಟಿಯಾಗಿ ಹಿಡಿಯಿತು, ಬಾಗಿಲಲ್ಲಿ ಹಿಡಿಯಿತು. ಬಾಗಿಲ ಕೆಳಗಿನ ಪಟ್ಟಿಯಲ್ಲಿ ಒಂದು ಗೇಣು ದೂರ ಹಿಡಿಯಲೇ ಇಲ್ಲ, ಕೈಬಿಟ್ಟರೆ ಕೆಳಗೆ ಬಿತ್ತು. ಅಲ್ಲಿ ತಗಡೇ ಇರಲಿಲ್ಲ, ಪುಟ್ಟಿ ಇತ್ತು. ಕೆಳಗೆ ಹೊಕ್ಕು ನೋಡಿದರೆ ಚಾಸಿಗೆಲ್ಲ ಕಪ್ಪು ಡಾಂಬರು ಬಣ್ಣ ದಪ್ಪಗೆ ಬಳಿದಿದ್ದರು. ತುಕ್ಕಿನ ಮೇಲೆ ಬಳಿದ ಡಾಂಬರು ತುಕ್ಕನ್ನು ನಿಲ್ಲಿಸುವುದಿಲ್ಲ, ಮುಚ್ಚಿಡುತ್ತದೆ, ಒಳಗೆ ತೇವ ಹಿಡಿದಿಡುತ್ತದೆ. ಹೊಸ ಬಣ್ಣದ ಹಳೇ ಗಾಡಿಗಿಂತ ಬಣ್ಣ ಹೋದ ಹಳೇ ಗಾಡಿ ನಂಬಿಕೆಗೆ ಯೋಗ್ಯ ಎಂದು ನಾನು ಹುಡುಗರಿಗೆ ಹೇಳುವುದು ಇದೇ ಕಾರಣಕ್ಕೆ.

ಮೂರನೆಯದು ವಿಜಯಪುರ ಜಿಲ್ಲೆಯ ಒಂದು ದ್ರಾಕ್ಷಿ ತೋಟದಲ್ಲಿ ಬೇವಿನ ಮರದ ಕೆಳಗೆ ನಿಂತಿತ್ತು. 2003ರ ಎಂಪಿಎಫ್ಐ ಗಾಡಿ. ಟೈರಿನಲ್ಲಿ ಗಾಳಿಯಿಲ್ಲ, ಬ್ಯಾಟರಿ ಇಲ್ಲ, ಎರಡು ವರ್ಷದಿಂದ ಚಾಲೂ ಮಾಡಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ ಅದಕ್ಕೆ ಬಟ್ಟೆಯ ಟಾಪ್ ಇರಲಿಲ್ಲ. ಧೂಳು, ಬಿಸಿಲಿಗೆ ಬೇಸತ್ತು ತೋಟದವರು ಪೈಪಿನ ಚೌಕಟ್ಟು ಕಟ್ಟಿಸಿ ಮೇಲೆ ಪತ್ರಾಸ್, ಅಂದರೆ ಮನೆಗೆ ಹೊದಿಸುವ ತಗಡಿನ ಹಾಳೆ, ಹೊಡೆಸಿದ್ದರು. ನೋಡಲು ಚಕ್ರದ ಮೇಲಿನ ಪಂಪ್‌ಸೆಟ್ ಮನೆಯಂತಿತ್ತು. ತೆರೆದ ಗಾಡಿ ಹುಡುಕುವವರು ಯಾರೂ ಅದರತ್ತ ತಿರುಗಿ ನೋಡದಿದ್ದುದಕ್ಕೆ ಅದೇ ಕಾರಣ.

ಮಾಲೀಕರು ಆರ್‌ಸಿ ಕೇಳಿ ತೆಗೆಸಿದರು. ಬಾಡಿಯ ಕಾಲಂನಲ್ಲಿ ಸಾಫ್ಟ್ ಟಾಪ್ ಎಂದಿತ್ತು. ಈ ಪ್ರಕರಣದ ಮೊದಲ ತಿರುವು ಇದು. ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ರೂಪಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹಾರ್ಡ್ ಟಾಪ್ ಎಂದು ನೋಂದಣಿಯಾದ ಗಾಡಿಯ ಟಾಪ್ ಕತ್ತರಿಸಿ ತೆರೆದ ಗಾಡಿ ಎಂದು ಮಾರುವವರು ಇದ್ದಾರೆ. ಕೊಂಡವರಿಗೆ ತೊಂದರೆ ತಿಳಿಯುವುದು ಆರ್‌ಸಿ ನವೀಕರಣಕ್ಕೋ ವಿಮೆಯ ಹಣಕ್ಕೋ ಹೋದಾಗ. ಇಲ್ಲಿ ಲೆಕ್ಕ ತಿರುವುಮುರುವು. ಪತ್ರಾಸ್ ಇರುವುದೇ ಕಾನೂನಿಗೆ ವಿರುದ್ಧ, ತೆಗೆದರೆ ಗಾಡಿ ಕಾಗದಕ್ಕೆ ಹೊಂದುತ್ತದೆ. ಅಯಸ್ಕಾಂತ ಬಾಗಿಲ ಪಟ್ಟಿ, ಮಡ್‌ಗಾರ್ಡು, ಮುಂದಿನ ಕಾಲಿಡುವ ಜಾಗ ಎಲ್ಲ ಕಡೆ ಹಿಡಿಯಿತು. ಬರಗಾಲದ ನಾಡಿನ ಒಣಹವೆ ತಗಡನ್ನು ಕಾಪಾಡಿತ್ತು. ಒಂದು ಲಕ್ಷ ನಲವತ್ತು ಸಾವಿರ ಎಂದವರು ಒಂದು ಲಕ್ಷ ಹದಿನೈದಕ್ಕೆ ಇಳಿದರು. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಅಲ್ಲೇ ಸಹಿ ಆಯಿತು. ಗಾಡಿ ಟೆಂಪೋ ಏರಿ ಬೆಳಗಾವಿಗೆ ಬಂತು.

ನೀಲಿ ಕಲೆ

ಒಂದು ಜಾಗದಲ್ಲಿ ಮಾತ್ರ ಅಯಸ್ಕಾಂತ ಆಡಿರಲಿಲ್ಲ. ಹಿಂದಿನ ನೆಲದ ಮೇಲೆ ದ್ರಾಕ್ಷಿಯ ಕ್ರೇಟುಗಳು, ಸ್ಪ್ರೇ ಪೈಪಿನ ಸುರುಳಿ ಹೇರಿದ್ದವು. ‘ಅದನ್ನೆಲ್ಲಾ ಇಳಸಾಕ ಆಳು ಬೇಕ್ರೀ, ಆಮ್ಯಾಲ ನೋಡೂಣು’ ಎಂದಿದ್ದರು ಮಾರಿದವರು. ಬೆಳಗಾವಿಯ ಗ್ಯಾರೇಜಿನಲ್ಲಿ ರಬ್ಬರ್ ಮ್ಯಾಟ್ ಎತ್ತಿದಾಗ ಅದರಡಿಯಲ್ಲಿ ನೀಲಿಹಸಿರು ಕಲೆ, ಕಲೆಯ ನಡುವೆ ಅಂಗೈ ಹಾಯುವಷ್ಟು ತೂತು.

ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ದ್ರಾಕ್ಷಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಅದನ್ನು ಸುಣ್ಣದೊಂದಿಗೆ ಕಲಸುತ್ತಾರೆ. ಡಬ್ಬಿಗಳನ್ನು ಈ ಗಾಡಿಯ ಹಿಂದೆ ಇಟ್ಟು ತೋಟ ಸುತ್ತುತ್ತಿದ್ದರು, ಚೆಲ್ಲಿದ್ದೆಲ್ಲ ಮ್ಯಾಟಿನ ಅಡಿಗೆ ಇಳಿದಿತ್ತು. ಮೈಲುತುತ್ತದ ನೀರಿನಲ್ಲಿ ಕಬ್ಬಿಣದ ಮೊಳೆ ಅದ್ದಿ ತಾಮ್ರ ಕೂರುವುದನ್ನು ಶಾಲೆಯ ಪ್ರಯೋಗದಲ್ಲಿ ಎಲ್ಲರೂ ನೋಡಿದ್ದೇವೆ. ಕಬ್ಬಿಣ ಕರಗಿದಷ್ಟೂ ತಾಮ್ರ ಕೂರುತ್ತದೆ. ಕೂತ ತಾಮ್ರ ತೇವ ಸಿಕ್ಕಾಗಲೆಲ್ಲ ಪಕ್ಕದ ಕಬ್ಬಿಣವನ್ನು ತಿನ್ನಿಸುತ್ತಲೇ ಇರುತ್ತದೆ. ಒಣ ಜಿಲ್ಲೆಯ ಗಾಡಿಗೆ ತುಕ್ಕಿಲ್ಲ ಎಂಬ ಲೆಕ್ಕ ಮುಂಭಾಗಕ್ಕೆ ಸರಿ, ಹಿಂಭಾಗಕ್ಕೆ ತಪ್ಪು. ಗಾಡಿ ಯಾವ ಊರಿನದು ಎಂದಷ್ಟೇ ಕೇಳಿದರೆ ಸಾಲದು, ಏನು ಹೊತ್ತುಕೊಂಡು ತಿರುಗಿತು ಎಂದೂ ಕೇಳಬೇಕು. ಗೊಬ್ಬರ, ಉಪ್ಪು, ಮೀನು, ಮೈಲುತುತ್ತ, ಯಾವುದಾದರೂ ಸರಿ.

ಚಾಚಾ ಅವರ ಸಲಹೆ, ತೂತಿನ ಮೇಲೆ ತಗಡು ಹಾಸಿ ರಿವೆಟ್ ಹೊಡೆದು ಮುಗಿಸೋಣ ಎಂದು. ಒಂದು ದಿನದ ಕೆಲಸ. ಇಲ್ಲಿ ನಾನು ಅಡ್ಡಬಂದೆ. ತಾಮ್ರ ಹಿಡಿದ ಹಳೇ ತಗಡು ಅಡಿಯಲ್ಲೇ ಉಳಿದರೆ ಮೇಲೆ ಹಾಸಿದ್ದನ್ನೂ ತಿನ್ನುತ್ತದೆ. ಮಾಲೀಕರು ಒಂದು ರಾತ್ರಿ ಯೋಚಿಸಿ, ನೀಲಿ ಕಾಣುವಷ್ಟು ಜಾಗವನ್ನೂ ಅದರಾಚೆ ಎರಡು ಬೆರಳು ಅಂಚನ್ನೂ ಕತ್ತರಿಸಿ ತೆಗೆಸಿದರು. ಉಳಿದ ಭಾಗವನ್ನು ಸೋಡಾ ಪುಡಿ ಕಲಸಿದ ನೀರಿನಲ್ಲಿ ತೊಳೆದು, ತಂತಿ ಬ್ರಶ್ಶಿನಲ್ಲಿ ಉಜ್ಜಿ, ಹೊಸ ತಗಡು ಬೆಸೆದು, ಪ್ರೈಮರ್ ಹೊಡೆಸಿದರು. ಸುಮಾರು ಹದಿನೆಂಟು ಸಾವಿರ ಹೋಯಿತು, ಬಜೆಟ್ಟಿನಲ್ಲಿ ಇಲ್ಲದ ದುಡ್ಡು. ಅದೃಷ್ಟಕ್ಕೆ ಚಾಸಿಗೆ ಆ ನೀರು ಇಳಿದಿರಲಿಲ್ಲ.

ಇಂಜಿನ್ನಿನ ಕತೆ ಚಿಕ್ಕದು. ಟ್ಯಾಂಕ್ ಇಳಿಸಿ ಹುಳಿವಾಸನೆಯ ಹಳೇ ಪೆಟ್ರೋಲ್ ಚೆಲ್ಲಿದರು. ಪ್ಲಗ್ಗು, ಫಿಲ್ಟರು, ಫ್ಯೂಯೆಲ್ ಪಂಪು ಬದಲಾದವು. ಈ ಇಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ರಬ್ಬರ್ ಪಟ್ಟಿ) ಇದೆ. ಓಡಿದ ಕಿಲೋಮೀಟರ್ ಕಡಿಮೆ ಇದ್ದರೂ ರಬ್ಬರಿಗೆ ವಯಸ್ಸಾಗಿರುತ್ತದೆ, ಹಾಗಾಗಿ ಸೆಲ್ಫ್ ಹೊಡೆಯುವ ಮೊದಲೇ ಅದನ್ನೂ ಬದಲಿಸಿದರು. ಆಮೇಲೆ ಒಂದೆರಡು ಸಲ ಕೆಮ್ಮಿ ಚಾಲೂ ಆಯಿತು. ಅಷ್ಟೇ.

ಪತ್ರಾಸ್ ಇಳಿಸಿದ್ದು, ಬಟ್ಟೆ ಏರಿಸಿದ್ದು

ಪೈಪಿನ ಚೌಕಟ್ಟನ್ನು ಬಾಡಿಯ ಮೇಲಂಚಿಗೆ ಅಲ್ಲಲ್ಲಿ ಬೆಸೆದಿದ್ದರು. ಗ್ಯಾಸ್ ಕಟಿಂಗ್ ಹಿಡಿದರೆ ಅರ್ಧ ದಿನದ ಕೆಲಸ. ಆದರೆ ತೆಳು ತಗಡು ಕಾವಿಗೆ ಸೊಟ್ಟಗಾಗುತ್ತದೆ, ಪೆಟ್ರೋಲ್ ಟ್ಯಾಂಕಿನ ಹತ್ತಿರ ಬೆಂಕಿ ಬೇರೆ. ಮಾಲೀಕರು ತಮ್ಮದೇ ಗ್ರೈಂಡರ್ ತಂದು ಬೆಸುಗೆಯ ಮೇಲೆ ಒಂದಿಷ್ಟು ಪೈಪು ಉಳಿಯುವಂತೆ ಕತ್ತರಿಸಿ, ಉಳಿದ ಮೋಟನ್ನು ನಿಧಾನಕ್ಕೆ ಅರೆದು ಸಮ ಮಾಡಿದರು. ಬೆಸುಗೆ ಇದ್ದಲ್ಲೆಲ್ಲ ತಗಡಿನಲ್ಲಿ ಕೂದಲೆಳೆಯಂಥ ಬಿರುಕು. ಭಾರದ ಟಾಪ್ ಹೊಲದ ದಾರಿಯಲ್ಲಿ ಅಲುಗಾಡಿ ಅಲುಗಾಡಿ ಎಳೆದದ್ದು. ಬಿರುಕುಗಳನ್ನು ಪೇಂಟರ್ ಪುಟ್ಟಿ ಹಾಕಿ ತುಂಬಿದ. ಈ ಪುಟ್ಟಿ ಮುಂದೆ ಮತ್ತೆ ಬರುತ್ತದೆ.

ಬಟ್ಟೆಯ ಟಾಪಿಗೆ ಬೇಕಾದ ಕಮಾನು ಪೈಪುಗಳನ್ನು ಲೇತ್ ಇದೆಯಲ್ಲ ಎಂದು ತಾವೇ ಬಗ್ಗಿಸಲು ಹೊರಟಿದ್ದರು. ಅಳತೆ ಎಲ್ಲಿಂದ ತರುವುದು? ಕೊನೆಗೆ ಸೇನೆಯ ಹರಾಜಿನ ಸಾಮಾನು ಮಾರುವವರ ಹತ್ತಿರ ಅಸಲಿ ಪೈಪುಗಳೇ ಸಿಕ್ಕವು, ಬಗ್ಗಿಸುವ ಕೂಲಿಗಿಂತ ಅಗ್ಗಕ್ಕೆ.

ಟಾಪ್ ಹೊಲಿದದ್ದು ಊರಿನದೇ ಒಂದು ಕುಶನ್ ಅಂಗಡಿ. ಅಲ್ಲಿನ ಹಿರಿಯರಿಗೆ ಜೀಪಿನ ಟಾಪು, ಟ್ರಕ್ಕಿನ ತಾಡಪತ್ರಿ ಹೊಲಿದು ಪಳಗಿದ ಕೈ. ಮಾಲೀಕರಿಗೆ ದಪ್ಪ ಹತ್ತಿಯ ಕ್ಯಾನ್ವಾಸ್ ಇಷ್ಟ, ನೋಟ ಚೆಂದ. ಆದರೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಬಟ್ಟೆ ಒಣಗುವುದೇ ಕಷ್ಟ, ಹಸಿ ಹತ್ತಿಯನ್ನು ಮಡಚಿಟ್ಟರೆ ಬೂಸ್ಟು ಹಿಡಿಯುತ್ತದೆ. ರೆಕ್ಸಿನ್ ಮಡಿಕೆಯಲ್ಲಿ ಸೀಳುತ್ತದೆ. ಪಿವಿಸಿ ಲೇಪದ ಪಾಲಿಯೆಸ್ಟರ್ ಬಟ್ಟೆ, ಪಾಲಿಯೆಸ್ಟರ್ ದಾರ ಎಂದು ತೀರ್ಮಾನವಾಯಿತು. ಹೊಲಿಯುವಾಗ ಅವರು ಮುಂದಿನ ತುಂಡಿನ ಅಂಚನ್ನು ಹಿಂದಿನ ತುಂಡಿನ ಮೇಲೆ ಬರುವಂತೆ ಮಡಚಿ ಎರಡು ಸಾಲು ಹೊಲಿಗೆ ಹಾಕಿದರು. ಎದುರಿನಿಂದ ಹೊಡೆಯುವ ಮಳೆ ಜೋಡಿನ ಮೇಲೆ ಜಾರಿ ಹಿಂದಕ್ಕೆ ಹೋಗಬೇಕು, ಬಾಯಿಗೆ ಸಿಗಬಾರದು. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ನೀರು ಎಲ್ಲಿಂದ?

ಜೂನ್ ಎರಡನೇ ವಾರದ ಮೊದಲ ದೊಡ್ಡ ಮಳೆಗೆ ಚಾಲಕನ ಕಾಲಡಿ ನೀರು ನಿಂತಿತು. ಹಿಂದೆ ಕೂರುವ ಬೆಂಚಿನ ಕೆಳಗೂ. ಮಾಲೀಕರು ನೇರ ಕುಶನ್ ಅಂಗಡಿಗೆ ಹೋಗಿ ಜಗಳ ಮಾಡಿದರು. ಪಾಪ, ಆ ಹಿರಿಯರು ಟಾಪ್ ಬಿಚ್ಚಿ, ಜೋಡುಗಳಿಗೆ ಒಳಗಿನಿಂದ ಪಟ್ಟಿ ಅಂಟಿಸಿ ಕೊಟ್ಟರು. ಮರುದಿನದ ಮಳೆಗೂ ಅಷ್ಟೇ ನೀರು. ಆಗ ಗ್ಯಾರೇಜಿನಲ್ಲಿ ಎರಡು ಅಭಿಪ್ರಾಯ: ಟಾಪ್ ಪೂರ್ತಿ ಹೊಸದಾಗಿ ಹೊಲಿಸುವುದು, ಅಥವಾ ಮುಂದಿನ ಗಾಜಿನ ರಬ್ಬರ್ ಬದಲಿಸುವುದು. ಎರಡಕ್ಕೂ ದುಡ್ಡು ಬೇಕು. ಕಾಸಿಲ್ಲದ ಪರೀಕ್ಷೆಯೊಂದು ಬಾಕಿಯಿತ್ತು.

ಮ್ಯಾಟು ತೆಗೆದು ನೆಲಕ್ಕೆಲ್ಲ ಹಳೇ ಪೇಪರ್ ಹಾಸಿದೆವು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತರು, ಇನ್ನೊಬ್ಬರು ಹೊರಗೆ ನಲ್ಲಿಯ ಪೈಪು ಹಿಡಿದರು. ಮೇಲಿಂದ ನೀರು ಬಿಟ್ಟರೆ ಎಲ್ಲ ಕಡೆ ಹರಿದು ಏನೂ ತಿಳಿಯುವುದಿಲ್ಲ. ಕೆಳಗಿನಿಂದ ಶುರು ಮಾಡಿ, ಒಂದು ಮಟ್ಟದಲ್ಲಿ ಐದು ನಿಮಿಷ ಬಿಟ್ಟು, ಪೇಪರ್ ಒಣಗಿದೆ ಎಂದು ಖಚಿತವಾದ ಮೇಲಷ್ಟೇ ಪೈಪನ್ನು ಮೇಲಕ್ಕೇರಿಸಬೇಕು. ಚಕ್ರದ ಗೂಡು ಒಣಗಿತ್ತು, ಬಾಗಿಲ ಅಂಚೂ ಒಣಗಿತ್ತು. ಮುಂದಿನ ಗಾಜಿನ ಕೆಳಗಿನ ಗಾಳಿಜಾಲರಿಯ ಮಟ್ಟಕ್ಕೆ ಬಂದಾಗ ಒಳಗಿದ್ದವರು ಕೂಗಿದರು. ನೀರು ಜಾಲರಿಯೊಳಗೆ ಇಳಿದು ಹೊರದಾರಿ ಸಿಗದೆ ಡ್ಯಾಶ್‌ಬೋರ್ಡಿನ ಹಿಂದಿನಿಂದ ಕಾಲಡಿಗೆ ಬರುತ್ತಿತ್ತು. ತಂತಿ ಹಾಕಿ ಕೆದಕಿದರೆ ಬೇವಿನ ಎಲೆ, ವಿಜಯಪುರದ ಮಣ್ಣು, ಎರಡೂ ಸೇರಿ ಗಟ್ಟಿಯಾದ ಮುದ್ದೆ. ಎರಡು ವರ್ಷ ಆ ಮರದಡಿ ನಿಂತ ಫಲ. ಹಿಂದಿನ ನೀರು ಬಂದದ್ದು ಪುಟ್ಟಿ ತುಂಬಿದ ಬಿರುಕುಗಳಿಂದ: ಬಾಡಿ ಅಲುಗಾಡಿದಂತೆ ಪುಟ್ಟಿ ಸೀಳಿತ್ತು. ಬಿರುಕುಗಳನ್ನು ಬೆಸೆಯಲೇಬೇಕಿತ್ತು, ಈಗ ಬೆಸೆಸಿದರು. ಬಟ್ಟೆಯ ಟಾಪಿನಿಂದ ಒಂದು ಹನಿಯೂ ಇಳಿದಿರಲಿಲ್ಲ. ಮಾಲೀಕರು ಕುಶನ್ ಅಂಗಡಿಗೆ ಮತ್ತೆ ಹೋಗಿ ಬಿಚ್ಚಿ ಹೊಲಿದ ಕೂಲಿ ಕೊಟ್ಟರು. ‘ಇರ್ಲಿ ಬಿಡ್ರಿ ಸಾಹೇಬ್ರ, ಎಲ್ಲಾರೂ ಮೊದಲ ನಮ್ಮನ್ನ ಬೈತಾರ’ ಎಂದರಂತೆ ಅವರು.

ಒಣ ಊರಿನಿಂದ ಬಂದ ಗಾಡಿಗೆ ಬೆಳಗಾವಿಯಲ್ಲಿ ಮಾಡಬೇಕಾದ ಮೊದಲ ಕೆಲಸ ನೀರು ಹೋಗುವ ತೂತುಗಳನ್ನೆಲ್ಲ ಬಿಡಿಸುವುದು. ಬಾಗಿಲ ಕೆಳಗೆ, ನೆಲದಲ್ಲಿ, ಜಾಲರಿಯಲ್ಲಿ. ವಿಜಯಪುರದಲ್ಲಿ ಅವು ಮುಚ್ಚಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಇಪ್ಪತ್ತು ವರ್ಷ ಉಳಿದ ತಗಡು ಇಲ್ಲಿ ಎರಡು ಮಳೆಗಾಲಕ್ಕೆ ಹೋಗುತ್ತದೆ.

ನಡುಕ

ಮಳೆ ನಿಂತ ಮೇಲೆ ಹೆದ್ದಾರಿಯಲ್ಲಿ ಸಂಕೇಶ್ವರದ ಕಡೆ ಹೊರಟಿದ್ದರು. ವೇಗ ಅರವತ್ತರ ಆಸುಪಾಸು. ಸೇತುವೆಯ ಜೋಡಿನ ಮೇಲೆ ಎಡಚಕ್ರ ಏರಿ ಇಳಿದದ್ದೇ ತಡ, ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಬಡಿದುಕೊಳ್ಳತೊಡಗಿತು. ಹಿಡಿದ ಕೈ ನಡುಗಿ ಬಿಡುವಂತಾಯಿತು, ಬಾನೆಟ್ಟೇ ಕುಣಿಯಿತು. ಬ್ರೇಕ್ ಜೋರಾಗಿ ಒತ್ತದೆ ಆಕ್ಸಿಲರೇಟರ್ ಬಿಟ್ಟು ಗಾಡಿಯನ್ನು ತಾನಾಗಿ ನಿಧಾನವಾಗಲು ಬಿಟ್ಟರು, ನಲವತ್ತಕ್ಕೆ ಇಳಿದಾಗ ನಿಂತಿತು. ಹಿಂದೆ ಲಾರಿ ಇದ್ದಿದ್ದರೆ ಈ ಬರಹ ಬೇರೆ ರೀತಿ ಇರುತ್ತಿತ್ತು.

ಮುಂದೆ ಗಟ್ಟಿ ಆಕ್ಸಲ್ ಇರುವ ಹಳೆಯ ಗಾಡಿಗಳಲ್ಲೆಲ್ಲ ಈ ಕಾಯಿಲೆ ಬರಬಹುದು. ಇದಕ್ಕೆ ಎಲ್ಲರ ಹತ್ತಿರವೂ ಮದ್ದಿದೆ. ಒಬ್ಬರು ವೀಲ್ ಬ್ಯಾಲೆನ್ಸಿಂಗ್ ಎಂದರು, ಮಾಡಿಸಿದರು. ನಿಂತೇ ಚಪ್ಪಟೆಯಾದ ಟೈರುಗಳದೇ ದೋಷ ಎಂದರು, ಐದು ಹೊಸ ಟೈರು ಬಂದವು. ಅವು ಹೇಗೂ ಬೇಕಿದ್ದವು ಎಂಬುದು ಸಮಾಧಾನ. ನಡುಕ ಅರವತ್ತರಿಂದ ಅರವತ್ತೈದಕ್ಕೆ ಹೋಯಿತು, ಅಷ್ಟೇ. ಮೂರನೆಯವರು ಸ್ಟೀರಿಂಗ್ ಡ್ಯಾಂಪರ್ ಹಾಕಿಸಿದರು. ನಡುಕ ಹೋಯಿತು! ತಿಂಗಳೊಪ್ಪತ್ತು ಎಲ್ಲರೂ ಖುಷಿಯಾಗಿದ್ದರು. ಆಮೇಲೆ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಡ್ಯಾಂಪರ್ ನಡುಕವನ್ನು ಅದುಮಿಡುತ್ತದೆ, ಹುಟ್ಟುವುದನ್ನು ತಡೆಯುವುದಿಲ್ಲ. ಅದುಮಿಟ್ಟ ಅವಧಿಯಲ್ಲಿ ಸವೆಯುವುದು ಸವೆಯುತ್ತಲೇ ಇತ್ತು.

ಎರಡನೇ ದೊಡ್ಡ ತಿರುವು ಇಲ್ಲಿ. ಹೊಸ ಸಾಮಾನು ಕೊಳ್ಳುವುದನ್ನು ನಿಲ್ಲಿಸಿ ಅಳತೆ ಮಾಡೋಣ ಎಂದು ಮಾಲೀಕರೇ ಹೇಳಿದರು. ಮಷಿನ್ ಶಾಪಿನವರಿಗೆ ಅಳತೆಯಲ್ಲಿ ನಂಬಿಕೆ ಜಾಸ್ತಿ. ಈ ಗಾಡಿಯಲ್ಲಿ ಮುಂದಿನ ಚಕ್ರದ ನಕಲ್ (ಚಕ್ರವನ್ನು ಹಿಡಿದು ಸ್ಟೀರಿಂಗ್ ಜೊತೆ ತಿರುಗುವ ಗೆಣ್ಣು) ಮೇಲೊಂದು ಕೆಳಗೊಂದು ಕಿಂಗ್‌ಪಿನ್ ಎಂಬ ಗೂಟದ ಮೇಲೆ ತಿರುಗುತ್ತದೆ, ಅವಕ್ಕೆ ಟೇಪರ್ ಬೇರಿಂಗ್. ಬೇರಿಂಗ್ ಮೇಲೆ ಇಂತಿಷ್ಟು ಒತ್ತಡ ಇರಬೇಕು, ಅದನ್ನು ಶಿಮ್ ಎಂಬ ತೆಳು ಬಿಲ್ಲೆಗಳಿಂದ ಹೊಂದಿಸುತ್ತಾರೆ. ಬೇರಿಂಗ್ ಸವೆದರೆ ಒತ್ತಡ ಹೋಗುತ್ತದೆ, ಚಕ್ರ ಸಣ್ಣ ಪೆಟ್ಟಿಗೂ ಕುಣಿಯಲು ಸಿದ್ಧವಾಗಿರುತ್ತದೆ. ಚಕ್ರ ಬಿಚ್ಚಿ, ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡ್ ಕಳಚಿ, ನಕಲ್ ತೋಳಿನ ತುದಿಗೆ ರದ್ದಿ ಅಂಗಡಿಯಿಂದ ತಂದ ಸ್ಪ್ರಿಂಗ್ ತಕ್ಕಡಿಯ ಕೊಂಡಿ ಸಿಕ್ಕಿಸಿ ನಿಧಾನಕ್ಕೆ ಎಳೆದೆವು. ನಕಲ್ ತಿರುಗಲು ಶುರುವಾಗುವ ಕ್ಷಣದಲ್ಲಿ ಮುಳ್ಳು ಎಷ್ಟು ತೋರಿಸುತ್ತದೋ ಅದೇ ಲೆಕ್ಕ. ಬಲಗಡೆ ಮ್ಯಾನುಯಲ್ಲಿನ ಮಿತಿಯ ಕೆಳಗೆ. ಎಡಗಡೆ ಮುಳ್ಳು ಅಲುಗಲೇ ಇಲ್ಲ, ಎಳೆಯುವ ಮೊದಲೇ ತೋಳು ಹಿಂದೆ ಬಂತು.

ಬಿಚ್ಚಿ ನೋಡಿದಾಗ ಎಡಗಡೆಯ ಕೆಳಬೇರಿಂಗಿನ ಬಟ್ಟಲಲ್ಲಿ ಉಗುರಿಗೆ ತಾಗುವ ಸಾಲು ಗೆರೆಗಳು. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ, ಗ್ರೀಸ್ ಒಣಗಿ, ತೇವ ಸೇರಿ ಆದ ಗುರುತು. ಎರಡೂ ಕಡೆ ಬೇರಿಂಗ್, ಆಯಿಲ್ ಸೀಲ್ ಹೊಸದು ಹಾಕಿ, ಒಂದೊಂದೇ ಶಿಮ್ ತೆಗೆಯುತ್ತ ತಕ್ಕಡಿಯ ಮುಳ್ಳು ಮಿ­ತಿಯೊಳಗೆ ಬರುವವರೆಗೆ ಹೊಂದಿಸಿದರು. ಪಾಟಾಗಳ ರಬ್ಬರ್ ಬುಶ್‌ಗಳೂ ಅದೇ ಹೊತ್ತಿಗೆ ಬದಲಾದವು. ಬೇರಿಂಗು, ಸೀಲು, ಬುಶ್ಶು, ಕೂಲಿ ಎಲ್ಲ ಸೇರಿ ಖರ್ಚು ಡ್ಯಾಂಪರಿಗೆ ಮತ್ತು ಬ್ಯಾಲೆನ್ಸಿಂಗಿಗೆ ಸುರಿದದ್ದಕ್ಕಿಂತ ಬಹಳ ಹೆಚ್ಚೇನಲ್ಲ. ಅದೇ ಸೇತುವೆ, ಅದೇ ವೇಗ, ಡ್ಯಾಂಪರ್ ಬಿಚ್ಚಿಟ್ಟು ಓಡಿಸಿದರು, ಸ್ಟೀರಿಂಗ್ ಕದಲಲಿಲ್ಲ. ಆಮೇಲೆ ಡ್ಯಾಂಪರ್ ಮತ್ತೆ ಹಾಕಿದರು. ಪರೀಕ್ಷೆಯನ್ನು ಅದಿಲ್ಲದೆ ಮಾಡಿದ್ದು ಚಾಚಾ ಅವರ ಜಾಣತನ.

ಕಾಗದ ಮತ್ತು ದುಡ್ಡು

ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ತೋಟದವರು 2018ರಲ್ಲಿ ಒಮ್ಮೆ ಮಾಡಿಸಿದ್ದರು, ಅವಧಿ 2023ಕ್ಕೆ ಮುಗಿಯುತ್ತಿತ್ತು. ಪತ್ರಾಸ್ ಇದ್ದಾಗ 2018ರಲ್ಲಿ ಅದು ಹೇಗೆ ಆಯಿತು ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಹೆಸರು ವರ್ಗಾವಣೆಯನ್ನು ಮಾಲೀಕರು ಕೊಂಡ ಕೂಡಲೇ ಮುಗಿಸಿದ್ದರು. ಕೊಂಡವರಿಗೆ ಕಾಯ್ದೆ ಕೊಡುವುದು ಮೂವತ್ತು ದಿನ, ವಿಮೆ ಹೆಸರಿಗೆ ಮಾಡಿಸಿಕೊಳ್ಳಲು ಹದಿನಾಲ್ಕೇ ದಿನ. ಈ ಎರಡನೆಯದನ್ನು ನಮ್ಮ ಜನ ಮರೆಯುವುದೇ ಹೆಚ್ಚು. ನವೀಕರಣಕ್ಕೆ ಗಾಡಿ ಒಯ್ದಾಗ ಇನ್ಸ್‌ಪೆಕ್ಟರ್ ಚಾಸಿ ನಂಬರ್ ನೋಡಿ, ದೀಪ, ಬ್ರೇಕ್, ಹಾರ್ನ್ ನೋಡಿ, ಟಾಪ್ ಮುಟ್ಟಿ, ಆರ್‌ಸಿಯ ಸಾಫ್ಟ್ ಟಾಪ್ ಎಂಬ ಕಾಲಂ ಓದಿ ಮುಂದೆ ಹೋದರು. ಶುಲ್ಕ 5,000 ರೂಪಾಯಿ, 2022ರ ಏಪ್ರಿಲ್‌ನಿಂದ ಅಷ್ಟಾಗಿತ್ತು.

ಒಟ್ಟು ಲೆಕ್ಕದಲ್ಲಿ ಗಾಡಿಗೆ ಒಂದು ಲಕ್ಷ ಹದಿನೈದು ಸಾವಿರ, ದುರಸ್ತಿಗೆ ಒಂದು ಲಕ್ಷ ನಲವತ್ತು ಸಾವಿರ. ಎರಡು ಲಕ್ಷದ ಗೆರೆ ಐವತ್ತೈದು ಸಾವಿರದಷ್ಟು ದಾಟಿತು. ದುರಸ್ತಿಯಲ್ಲಿ ಇಂಜಿನ್ನಿನ ಪಾಲು ಹದಿನಾಲ್ಕು ಸಾವಿರವೂ ಇಲ್ಲ. ತಗಡು, ಬಣ್ಣ, ಟಾಪು ಸೇರಿ ಅರ್ಧಕ್ಕಿಂತ ಹೆಚ್ಚು ತಿಂದವು. ಕರಾವಳಿಯ ಹಸಿರು ಗಾಡಿ ಕೊಂಡಿದ್ದರೆ ಅಗ್ಗವಾಗುತ್ತಿತ್ತೇ ಎಂದು ಮಾಲೀಕರು ಈಗಲೂ ಒಮ್ಮೊಮ್ಮೆ ಕೇಳುತ್ತಾರೆ. ಬಾಗಿಲ ಪಟ್ಟಿ ಪುಟ್ಟಿಯಲ್ಲಿ ನಿಂತಿದ್ದ, ಚಾಸಿ ಡಾಂಬರಿನಡಿ ಅಡಗಿದ್ದ ಗಾಡಿಗೆ ಎಷ್ಟು ಬೇಕಾಗುತ್ತಿತ್ತೋ ಬಿಚ್ಚದೆ ಹೇಳಲಾಗದು. ಹಿಂದಿನ ನೆಲದ ಕ್ರೇಟುಗಳನ್ನು ಆವತ್ತೇ ಇಳಿಸಿ ನೋಡಿದ್ದರೆ ಬೆಲೆ ಇನ್ನೂ ಇಪ್ಪತ್ತು ಸಾವಿರ ಇಳಿಯುತ್ತಿತ್ತು ಎಂಬುದು ಮಾತ್ರ ನನ್ನ ಖಚಿತ ಅಭಿಪ್ರಾಯ. ಆಳಿನ ಕೂಲಿ ಐನೂರು ಇರುತ್ತಿತ್ತೇನೋ.

ಗಾಡಿ ಈಗ ಲೀಟರ್ ಪೆಟ್ರೋಲಿಗೆ ಹತ್ತು ಕಿಲೋಮೀಟರಿನ ಆಸುಪಾಸು ಕೊಡುತ್ತದೆ. ಪ್ಲಾಸ್ಟಿಕ್ ಕಿಟಕಿಯನ್ನು ಒಣಬಟ್ಟೆಯಲ್ಲಿ ಉಜ್ಜಿ ಮಬ್ಬಾಗಿಸಿಕೊಂಡಿದ್ದಾರೆ, ಅದಿನ್ನೂ ಬದಲಾಗಬೇಕಿದೆ. ಮುಂದಿನ ನವೀಕರಣ 2028ಕ್ಕೆ. ಇಪ್ಪತ್ತು ವರ್ಷ ದಾಟಿದ ಕಾರುಗಳ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ, ಆಗ ತೆರಬೇಕಾದ್ದು ಕನಿಷ್ಠ ಅಷ್ಟು. ಮಾಲೀಕರು ಅದನ್ನು ಲೆಕ್ಕದ ಪುಸ್ತಕದಲ್ಲಿ ಈಗಲೇ ಬರೆದಿಟ್ಟಿದ್ದಾರೆ, ಪಕ್ಕದಲ್ಲೇ ಎರಡನೇ ಸಲದ ಟೈಮಿಂಗ್ ಬೆಲ್ಟ್.